ನಾಲ್ಕನೇ ಬ್ಯಾಡ್ಜ್

ಜೂನ್ 3, ಮಂಗಳವಾರ

ಚಳಿಗಾಲ ಶುರುವಾಯಿತು, ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. "ಬಿಸಿನೀರು ಹುಯ್ಬೇಡ ಕಣೆ, ಗಾಜು ಬಿರಿಯುತ್ತೆ!" ಅಂತ ಗಂಡ ನೆವಿಲ್ ಹಾಸಿಗೆಯಿಂದಲೇ ಕೂಗಿದ. ಹುಯ್ದೆ. ಬಿರಿಯಲಿಲ್ಲ. ಸ್ಕೂಲ್ ಬಸ್ ಓಡಿಸುವ ಗಂಡಸರಿಗೆಲ್ಲ ಗಾಜಿನ ವಿಷಯ ತಮಗೊಬ್ಬರಿಗೇ ಗೊತ್ತು ಅನ್ನುವ ಭ್ರಮೆ.

ಶಿಫ್ಟ್ ಶುರುವಾಗುವ ಮುಂಚೆ ಮೆರೆಡಿತ್ ಎಲ್ಲರನ್ನೂ ನಿಲ್ಲಿಸಿಕೊಂಡಳು. ತರಬೇತಿಯ ಮ್ಯಾನೇಜರ್. ‘ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್’ ಅನ್ನುವುದನ್ನು ಎಷ್ಟು ಸಲ ಅಂದಳೋ ದೇವರಿಗೇ ಗೊತ್ತು. ನಾವು ಮಾಡುವುದು ಬ್ಯಾಟರಿ ಇಡುವ ಉಕ್ಕಿನ ಬೀರು. ಈಗ ಅದರ ಹಲಗೆಗಳನ್ನು ಕೈಯಲ್ಲಿ ಕೂರಿಸುತ್ತೇವೆ. ಆಗಸ್ಟ್‌ನಿಂದ ರೋಬೋಟ್ ಕೈ ಪಕ್ಕದಲ್ಲಿ ನಿಂತು ಕೂರಿಸಬೇಕಂತೆ. ಒಂದು ರೋಬೋಟ್ ಕೈ, ಪಕ್ಕದಲ್ಲಿ ಇಬ್ಬರು — ಅದಕ್ಕೆ ‘ಸೆಲ್’ ಅಂತ ಹೆಸರು. ಸೆಲ್‌ನಲ್ಲಿ ನಿಲ್ಲಲು ನಾಲ್ಕು ಮೈಕ್ರೊ-ಕ್ರೆಡೆನ್ಷಿಯಲ್ ಬೇಕು. ಒಂದೊಂದೂ ಪುಟ್ಟ ಕೋರ್ಸು. ವಿಡಿಯೊ ನೋಡು, ಪ್ರಶ್ನೆಗೆ ಉತ್ತರ ಒತ್ತು, ಮಾಡಿ ತೋರಿಸು. ಪಾಸಾದರೆ ಫೋನಿನಲ್ಲಿ ಹಸಿರು ಬ್ಯಾಡ್ಜ್.

ನಾಲ್ಕೂ ಇದ್ದವರು ಕಾಯಂ. ಇಲ್ಲದವರು ಹಿಂದಿನ ಶೆಡ್ಡಿಗೆ, ಪ್ಯಾಕಿಂಗ್‌ಗೆ — ಏಜೆನ್ಸಿ ಮೂಲಕ. ಅಂದರೆ ಬೆಳಿಗ್ಗೆ ಫೋನ್ ಬಂದರೆ ಕೆಲಸ, ಬರದಿದ್ದರೆ ಮನೆ.

ಎಲಿಜಬೆತ್ ಊರಿನ ಕಾರು ಫ್ಯಾಕ್ಟರಿ ಮುಚ್ಚಿದಾಗ ಹಾಗೆ ಫೋನಿನ ಮುಂದೆ ಕೂತಿದ್ದೇನೆ. ಸ್ನಾನಕ್ಕೂ ಫೋನ್ ಹಿಡಿದು ಹೋಗುತ್ತಿದ್ದೆ. ಇನ್ನೊಮ್ಮೆ ಕೂರುವುದಿಲ್ಲ. ನಾಲ್ಕಲ್ಲ, ನಲವತ್ತು ಬ್ಯಾಡ್ಜ್ ಕೇಳಲಿ, ತಂದು ಮುಖದ ಮುಂದೆ ಹಿಡಿಯುತ್ತೇನೆ.

ಜೂನ್ 5, ಗುರುವಾರ

ಮೊದಲನೇ ಬ್ಯಾಡ್ಜ್ ಬಂತು. ಪರದೆ ಮೇಲೆ ಬೆರಳು ಹೇಗೆ ಎಳೆಯಬೇಕು, ಪಾಸ್‌ವರ್ಡ್ ಯಾರಿಗೂ ಹೇಳಬಾರದು — ಇಷ್ಟೇ. ಮಗುವಿಗೆ ಮೂಗು ಒರೆಸಲು ಕಲಿಸಿದ ಹಾಗೆ.

ಪರೀಕ್ಷೆ ಮಾಡಲು ಕಾಲೇಜಿನಿಂದ ಬಂದವನನ್ನು ನೋಡಿ ನಗು ತಡೆಯಲಾಗಲಿಲ್ಲ. ರಾಸ್ಕೋ! ಕಾರು ಫ್ಯಾಕ್ಟರಿಯಲ್ಲಿ ನನ್ನ ಎದುರಿಗೇ ನಿಂತು ಬಾಗಿಲು ಕೂರಿಸುತ್ತಿದ್ದವನು. ಈಗ ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಬೊಜ್ಜು ಮಾತ್ರ ಅದೇ.

"ಏನಯ್ಯಾ, ಮೇಷ್ಟ್ರಾಗಿಬಿಟ್ಟೆ?"

"ಮೇಷ್ಟ್ರಲ್ಲ ತಾಯಿ, ಅಸೆಸರ್. ಸ್ವಲ್ಪ ಮರ್ಯಾದೆ ಕೊಡು."

"ಮರ್ಯಾದೆ ಬೇಕಾದ್ರೆ ಮೊದ್ಲು ನನ್ನ ಡ್ರಿಲ್ಲು ವಾಪಸ್ ಕೊಡು."

ಆ ಡ್ರಿಲ್ ಎರವಲು ಕೊಟ್ಟಾಗ ನನ್ನ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ.

ಜೂನ್ 10, ಮಂಗಳವಾರ

ಎರಡನೇ ಬ್ಯಾಡ್ಜ್. ಮೂರು ದಿನ ರಜೆ ಬಂದಿತ್ತು, ಮನೆಯಲ್ಲೇ ವಿಡಿಯೊ ನೋಡಿ ಮುಗಿಸಿದೆ. ನೆವಿಲ್ ಫುಟ್‌ಬಾಲ್ ನೋಡುತ್ತಾ ಮಧ್ಯೆ ಮಧ್ಯೆ "ಪ್ರೊಫೆಸರಮ್ಮಾ, ಬಿಯರ್ ಇದ್ಯಾ?" ಅನ್ನುತ್ತಿದ್ದ. ಅವನ ತಂಡ ಪೋರ್ಟ್ ಸೋತಿತು. ಒಳ್ಳೆಯದಾಯಿತು.

ಸ್ಮೋಕೊಗೆ, ಅಂದರೆ ಚಹಾದ ವಿರಾಮಕ್ಕೆ ಬಿಟ್ಟಾಗ ಲಿಯೆನ್ ಪಕ್ಕ ಕೂತೆ. ನನ್ನ ಜೊತೆಗಾರ್ತಿ. ವಿಯೆಟ್ನಾಮಿನವಳು, ಅವರ ಪದ್ಧತಿಯಂತೆ ತನಗಿಂತ ದೊಡ್ಡವಳಾದ ನನ್ನನ್ನು ಅಕ್ಕಾ ಅನ್ನುತ್ತಾಳೆ. ಇಲ್ಲಿಗೆ ಬರುವ ಮುಂಚೆ ಊರಾಚೆಯ ಟೊಮೆಟೊ ಗಾಜಿನಮನೆಗಳಲ್ಲಿ ದುಡಿದವಳು. ಮಾತು ಚೆನ್ನಾಗಿ ಬರುತ್ತದೆ, ಓದುವುದು ನಿಧಾನ. ಪ್ರಶ್ನೆ ನಾನು ಓದಿದೆ, ಉತ್ತರ ಅವಳೇ ಹೇಳಿದಳು. ಎಲ್ಲವೂ ಸರಿ. ಲಂಚವಾಗಿ ಎರಡು ಅಕ್ಕಿಹಾಳೆಯ ಸುರುಳಿ ಕೊಟ್ಟಳು, ಒಳಗೆ ಸಿಗಡಿ. ನನ್ನ ಮಾಂಸದ ಪಾಸ್ಟಿ ಕೊಡಲು ಹೋದರೆ ಮೂಗು ಮುರಿದಳು.

ಜೂನ್ 18, ಬುಧವಾರ

ಮೂರನೆಯದೂ ಕೈಗೆ ಬಂತು. ಬರೆಯಲು ಸ್ವಲ್ಪ ನಾಚಿಕೆ, ಆದರೂ ಬರೆಯುತ್ತೇನೆ: ಇದು ಇಷ್ಟವಾಯಿತು. ಮೋಟಾರು ಎಷ್ಟು ಬಿಸಿ, ಸ್ಕ್ರೂ ಎಷ್ಟು ಬಿಗಿ ಅನ್ನುವುದೆಲ್ಲ ಪರದೆ ಮೇಲೆ ಗೆರೆಯಾಗಿ ಏರಿಳಿಯುತ್ತದೆ. ಇಷ್ಟು ವರ್ಷ ಕಿವಿಯಲ್ಲಿ ಕೇಳಿ ಊಹಿಸುತ್ತಿದ್ದದ್ದು ಕಣ್ಣಿಗೆ ಕಂಡಿತು. ಮಧ್ಯಾಹ್ನವೆಲ್ಲ ನೋಡುತ್ತಾ ನಿಂತಿದ್ದೆ.

ಹೊಸದು ಬೇಡ ಅನ್ನುವ ಮುದುಕಿ ನಾನಲ್ಲ. ಯಾರಾದರೂ ಹಾಗಂದರೆ ಈ ಪುಟ ತೋರಿಸುತ್ತೇನೆ. ಇಲ್ಲ, ತೋರಿಸುವುದಿಲ್ಲ. ಇದು ನನ್ನದು.

ಜೂನ್ 26, ಗುರುವಾರ

ನಾಲ್ಕನೆಯದರಲ್ಲಿ ಫೇಲ್.

ಪ್ರಶ್ನೆ ಹೀಗಿತ್ತು. ರೋಬೋಟ್ ಕೈ ಉಕ್ಕಿನ ಹಲಗೆ ಹಿಡಿದಿದೆ. ಏನೋ ಸರಿಯಿಲ್ಲ ಅಂತ ನಿಮಗೆ ಕಾಣುತ್ತದೆ. ಮೊದಲು ಏನು ಮಾಡುತ್ತೀರಿ? ಎ — ಕೆಂಪು ಗುಂಡಿ ಒತ್ತಿ ನಿಲ್ಲಿಸುತ್ತೀರಿ. ಬಿ — ಆ್ಯಪ್‌ನಲ್ಲಿ ದಾಖಲಿಸಿ, ಮೇಲಿನವರ ಸೂಚನೆಗೆ ಕಾಯುತ್ತೀರಿ. ಸಿ, ಡಿ ಎರಡೂ ಮೂರ್ಖತನ.

ಯೋಚಿಸಲೇ ಇಲ್ಲ. ಎ ಒತ್ತಿದೆ. ಕೆಂಪು ಅಡ್ಡಗೆರೆ ಬಂತು. ಈ ಪ್ರಶ್ನೆ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಫೇಲಂತೆ.

ಕ್ಯಾಂಟೀನಿಗೆ ಹೋದರೆ ದೊಡ್ಡ ಗದ್ದಲ. ಕಾರು ಫ್ಯಾಕ್ಟರಿಯಿಂದ ಬಂದವರೆಲ್ಲ ಫೇಲ್. ಒಬ್ಬರೂ ಬಿಡದೆ! ಟೊಮೆಟೊ ತೋಟದಿಂದ ಬಂದವರು, ಸೂಪರ್‌ಮಾರ್ಕೆಟ್ಟಿನಿಂದ ಬಂದವರು ಪಾಸ್. ಲಿಯೆನ್ ಮೊದಲ ಸಲಕ್ಕೇ ಪಾಸ್. ಎಲ್ಲರೂ ಅವಳಿಗೆ ಮೇಜು ಬಡಿದು ಸಲಾಮು ಹೊಡೆದರು. ಅವಳು ಕೆಂಪಾಗಿ ಹೋದಳು.

ನಮಗೆ ಯಾಕೆ ಹೀಗಾಯಿತು ಅನ್ನುವುದು ನಮಗೆ ಗೊತ್ತು. ಕಾರು ಫ್ಯಾಕ್ಟರಿಯಲ್ಲಿ ತಲೆಯ ಮೇಲೆ ಉದ್ದಕ್ಕೂ ಹಳದಿ ಹಗ್ಗವಿತ್ತು. ಏನಾದರೂ ಎಡವಟ್ಟು ಕಂಡರೆ ಎಳೆಯಬೇಕು, ಇಡೀ ಲೈನ್ ನಿಲ್ಲುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ಹಳಬರು ನಮ್ಮ ಕೈಯಿಂದ ಸುಮ್ಮಸುಮ್ಮನೆ ಅದನ್ನು ಎಳೆಸುತ್ತಿದ್ದರು. ಏನೂ ಆಗಿರುವುದಿಲ್ಲ, ಆದರೂ ಎಳೆಯಬೇಕು. ಎಲ್ಲರೂ ತಿರುಗಿ ನೋಡಬೇಕು, ನಾವು ನಾಚಿಕೆಯಿಂದ ಸಾಯಬೇಕು. ಒಮ್ಮೆ ಸತ್ತರೆ ಆಮೇಲೆ ಹೆದರಿಕೆ ಇಲ್ಲ. ಅಂಥ ಕೈಗೆ ‘ಕಾಯಿ’ ಅಂದರೆ ಹೇಗೆ ಕಾದೀತು?

ಜುಲೈ 2, ಬುಧವಾರ

ಎರಡನೇ ಸಲ. ಮತ್ತೆ ಎ. ಈ ಸಲ ಯೋಚಿಸಿಯೇ ಒತ್ತಿದೆ.

ಉಳಿದವರೆಲ್ಲ ಇವತ್ತು ಬಿ ಒತ್ತಿ ಪಾಸಾಗಿ ಹೋದರು. ರಾಸ್ಕೋ ನನ್ನನ್ನು ಹಿಂದೆ ನಿಲ್ಲಿಸಿಕೊಂಡ.

"ಗ್ಲೆನಿಸ್, ನಿಂಗೇನು ತಲೆ ಕೆಟ್ಟಿದ್ಯಾ? ಬಿ ಅಂತ ಒತ್ತು. ಆಮೇಲೆ ಅಲ್ಲಿ ಏನ್ ಬೇಕೋ ಅದನ್ನೇ ಮಾಡ್ಕೊ."

"ಯಾಕೆ ಬಿ?"

"ಕೋರ್ಸ್ ಬರೆದೋರು ಹಾಗಂದಿದಾರೆ."

"ಕಾರಣ ಹೇಳಿದಾರಾ?"

"ನಂಗೆ ಹೇಗೆ ಗೊತ್ತು? ಅದು ಸಿಡ್ನಿಯಿಂದಲೋ ಎಲ್ಲಿಂದಲೋ ಕೊಂಡು ತಂದದ್ದು."

"ನೀನು ಒತ್ತುತ್ತೀಯಾ ಬಿ? ಎದೆ ಮುಟ್ಕೊಂಡು ಹೇಳು."

ಎದೆ ಮುಟ್ಟಿಕೊಳ್ಳಲಿಲ್ಲ. ಕಾಫಿಯ ಡಬ್ಬಿ ಎತ್ತಿ ಕುಡಿದ. "ಇನ್ನೊಂದೇ ಚಾನ್ಸು ಇರೋದು ನಿಂಗೆ. ಒಂದು ಟಿಕ್ಕಿಗೋಸ್ಕರ ಏಜೆನ್ಸಿ ಪಾಲಾಗ್ತೀಯಾ?"

ಟಿಕ್ ಅಲ್ಲ ಅದು. ಬ್ಯಾಡ್ಜ್ ಮೇಲೆ ನನ್ನ ಹೆಸರಿರುತ್ತದೆ. ಪಕ್ಕದವಳ ತಲೆಯ ಮೇಲೆ ಉಕ್ಕು ಓಲಾಡುತ್ತಿದ್ದರೆ ಗ್ಲೆನಿಸ್ ಪೆಂಗಿಲಿ ಫೋನ್ ತೆಗೆದು ಟೈಪ್ ಮಾಡುತ್ತಾ ನಿಲ್ಲುತ್ತಾಳೆ ಅಂತ ಲೋಕಕ್ಕೆಲ್ಲ ಹೇಳುತ್ತದೆ. ಅದು ಸುಳ್ಳು. ನನ್ನ ಹೆಸರಿನಲ್ಲಿ ಸುಳ್ಳು ಹೇಳಲು ಯಾರಿಗೂ ಬಿಡುವುದಿಲ್ಲ.

ನೆವಿಲ್‌ಗೆ ಹೇಳಿದೆ. "ನಿನ್ನ ಹಠಕ್ಕೆ ಒಂದು ಬ್ಯಾಡ್ಜ್ ಇದ್ದಿದ್ರೆ ಎಂದೋ ಬಂದಿರೋದು" ಅಂದ. ಆದರೆ ನಗಲಿಲ್ಲ. ಅವನಿಗೂ ಆ ಫೋನಿನ ದಿನಗಳು ನೆನಪಿವೆ.

ಜುಲೈ 22, ಮಂಗಳವಾರ

ಲಿಯೆನ್ ಆಸ್ಪತ್ರೆಯಲ್ಲಿ. ನನ್ನ ಕೈಯಿಂದ.

ಬರೆಯಲಾಗುತ್ತಿಲ್ಲ.

ಜುಲೈ 23, ಬುಧವಾರ

ಕೆಲಸಕ್ಕೆ ಹೋಗಲಿಲ್ಲ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಹೊಸ ಸೆಲ್‌ನಲ್ಲಿ ಅಭ್ಯಾಸ ನಡೆಯುತ್ತಿತ್ತು. ಬ್ಯಾಡ್ಜ್ ಇಲ್ಲದವರೂ ಅಸೆಸರ್ ಮುಂದೆ ಮಾಡಬಹುದು. ಲಿಯೆನ್ ಕೆಳಗೆ ಕೂತು ಕೀಲು ಹಾಕುತ್ತಿದ್ದಳು. ನಾನು ಈ ಕಡೆ, ಪಕ್ಕದಲ್ಲಿ ರಾಸ್ಕೋ. ರೋಬೋಟ್ ಕೈ ಹಲಗೆ ಎತ್ತಿ ತರುತ್ತಿತ್ತು. ಅದಕ್ಕೆ ಬೆರಳಿಲ್ಲ. ರಬ್ಬರಿನ ಬಟ್ಟಲುಗಳಿವೆ, ಗಾಳಿ ಎಳೆದು ಹಲಗೆಯನ್ನು ಕಚ್ಚಿಕೊಳ್ಳುತ್ತವೆ. ಒಂದು ಬಟ್ಟಲು ಬಿಟ್ಟಿತು. ಹಲಗೆ ಓರೆಯಾಯಿತು. ಲಿಯೆನ್ ಅದರ ನೇರ ಕೆಳಗೆ.

ಕೆಂಪು ಗುಂಡಿಗೆ ಹೊಡೆದೆ.

ರೋಬೋಟ್ ಕೈ ನಿಂತಿತು. ಹಲಗೆ ಬಿತ್ತು. ಗುಂಡಿ ಒತ್ತಿದರೆ ಎಲ್ಲವೂ ನಿಲ್ಲುತ್ತದೆ — ಗಾಳಿಯೂ. ಗಾಳಿ ನಿಂತರೆ ಬಟ್ಟಲು ಬಾಯಿ ಬಿಡುತ್ತದೆ. ಲಿಯೆನ್ ತಲೆ ತಪ್ಪಿಸಿಕೊಂಡಳು, ಕೈ ಸಿಕ್ಕಿಹಾಕಿಕೊಂಡಿತು. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿದೆ. ಅವಳು ಕೂಗಲಿಲ್ಲ, ಅಕ್ಕಾ ಅಂದಳು ಅಷ್ಟೇ.

ಒಂದು ವಿಷಯ ನಾನೊಬ್ಬಳೇ ನೋಡಿದ್ದು. ನಾನು ಗುಂಡಿಗೆ ಹೊಡೆದಾಗ ನನ್ನ ಬೆರಳ ಮೇಲೆ ಇನ್ನೊಂದು ಕೈ ಬಂದು ಬಿತ್ತು. ರಾಸ್ಕೋನದು. ಬಿ ಒತ್ತಿ ಅಂತ ಊರಿಗೆಲ್ಲ ಹೇಳುವವನ ಕೈ. ನನ್ನದು ಮೊದಲು ಹೋಯಿತು, ಅಷ್ಟೇ ವ್ಯತ್ಯಾಸ.

ಅಳು ಬರುತ್ತಿದೆ. ಕೋಪವೂ ಬರುತ್ತಿದೆ. ಯಾವುದು ಮೊದಲು ಅಂತ ತಿಳಿಯುತ್ತಿಲ್ಲ.

ಜುಲೈ 24, ಗುರುವಾರ

ಲಿಯೆನ್ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ತಪ್ಪಾಯಿತು ಅಂದೆ. ಅಷ್ಟು ಬೇಗ ಆ ಮಾತು ನನ್ನ ಬಾಯಿಂದ ಯಾವತ್ತೂ ಬಂದದ್ದಿಲ್ಲ. ಕೇಳಿಸದವಳ ಹಾಗೆ ಒಳಗೆ ಕರೆದು, ಒಂದೇ ಕೈಯಲ್ಲಿ ಚಹಾ ಸುರಿದಳು. ಸಹಾಯ ಮಾಡಲು ಹೋದರೆ ಗದರಿಸಿದಳು.

"ಅಕ್ಕಾ, ನೀನು ಒತ್ತದೇ ಇದ್ದಿದ್ರೂ ಅದು ಬೀಳ್ತಿತ್ತು. ಇಲ್ಲಾ ಬೀಳ್ತಿರ್ಲಿಲ್ಲ. ಯಾರಿಗೆ ಗೊತ್ತು? ಬಿಡು."

"ಬಿಡೋದು ಹೇಗೆ? ನೀನೇ ಸರಿ ಉತ್ತರ ಕೊಟ್ಟಿದ್ದು. ನಾನು ಹಠ ಹಿಡಿದೆ."

ಆಗ ನಕ್ಕಳು. ನಗು ಚೆನ್ನಾಗಿರಲಿಲ್ಲ. "ನಾನು ಯಾಕೆ ಬಿ ಒತ್ತಿದೆ ಗೊತ್ತಾ? ಟೊಮೆಟೊ ಮನೇಲಿ ನೀರಿನ ನಲ್ಲಿ ಮುಟ್ಟಿದ್ರೂ ಯಜಮಾನ ಕಿರುಚೋನು. ಪೈಪ್ ಒಡೆದು ಗಿಡ ಎಲ್ಲಾ ಕೊಚ್ಕೊಂಡು ಹೋಗ್ತಿದ್ರೂ ಮುಟ್ಟಬಾರ್ದು. ಅವನನ್ನ ಕರೀಬೇಕು, ಕೈ ಕಟ್ಕೊಂಡು ನಿಲ್ಬೇಕು. ಪ್ರಶ್ನೆ ಓದಿದ ತಕ್ಷಣ ಅವನ ಮುಖ ಕಾಣಿಸ್ತು. ಬಿ ಒತ್ತಿದೆ. ಬುದ್ಧಿಯಿಂದಲ್ಲ ಅಕ್ಕಾ, ಹೆದರಿ."

ಚಹಾದ ಲೋಟ ಕೆಳಗಿಟ್ಟೆ.

"ನನ್ನ ಫೋನಲ್ಲಿ ಬ್ಯಾಡ್ಜ್ ಇದೆ" ಅಂದಳು. "ಹಲಗೆ ಬೀಳೋವಾಗ ಅದು ನನ್ನ ಜೇಬಲ್ಲೇ ಇತ್ತು."

ಜುಲೈ 28, ಸೋಮವಾರ

ವಿಚಾರಣೆ. ಮೆರೆಡಿತ್, ರಾಸ್ಕೋ, ಮೇಂಟೆನೆನ್ಸ್‌ನ ಎಲೆಕ್ಟ್ರಿಷಿಯನ್, ನಾನು. ಮೆರೆಡಿತ್ ಕೆಟ್ಟವಳಲ್ಲ. ಬಿಸ್ಕತ್ತಿನ ತಟ್ಟೆ ನನ್ನ ಕಡೆಗೇ ತಳ್ಳಿದಳು.

"ಗ್ಲೆನಿಸ್, ನಾಲ್ಕನೇ ಬ್ಯಾಡ್ಜ್ ಇಲ್ಲದವರು ಗುಂಡಿ ಒತ್ತಿದ್ದರಿಂದ ಹೀಗಾಯ್ತು ಅಂತ ವರದಿ ಹೋಗುತ್ತೆ. ನೀವು ಮೂರನೇ ಸಲ ಪರೀಕ್ಷೆ ತಗೊಂಡು ಪಾಸಾಗಿ, ‘ಮರುತರಬೇತಿ ಆಯ್ತು’ ಅಂತ ಬರೆದು ಮುಗಿಸಿಬಿಡ್ತೀನಿ. ನಿಮ್ಮ ಕೆಲಸಕ್ಕೆ ಏನೂ ಆಗಲ್ಲ."

ಎಲೆಕ್ಟ್ರಿಷಿಯನ್ ಕಡೆ ತಿರುಗಿದೆ. "ಕೆಂಪು ಒತ್ತಿದ್ರೆ ಗಾಳಿ ಹೋಗುತ್ತೆ, ಹಿಡಿದಿದ್ದು ಬೀಳುತ್ತೆ — ಇದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಗಾಳಿ ಹಿಡಿದಿಡೋ ವಾಲ್ವ್ ಸಿಗುತ್ತೆ. ಇದಕ್ಕೆ ಹಾಕಿಲ್ಲ."

"ನಾಲ್ಕು ಕೋರ್ಸಲ್ಲಿ ಎಲ್ಲಾದ್ರೂ ಈ ಮಾತಿದ್ಯಾ ಮೆರೆಡಿತ್?"

ಮೆರೆಡಿತ್ ಹುಡುಕಿದಳು. ಲ್ಯಾಪ್‌ಟಾಪಿನಲ್ಲಿ ತುಂಬಾ ಹೊತ್ತು ಹುಡುಕಿದಳು. ಇಲ್ಲ.

"ಹಾಗಾದ್ರೆ ಬರ್ಕೊಳ್ಳಿ" ಅಂದೆ. "ನಾನು ಮಾಡಿದ್ದು ತಪ್ಪು. ಕಾರು ಫ್ಯಾಕ್ಟರಿ ಕೈಯನ್ನ ಗಾಳಿ ಬಟ್ಟಲಿನ ಹತ್ರ ತಂದೆ, ಲಿಯೆನ್ ಕೈ ಮುರೀತು. ಇದನ್ನ ದಪ್ಪಕ್ಷರದಲ್ಲಿ ಹಾಕಿ. ಆದ್ರೆ ನಿಮ್ಮ ಬಿ ಕೂಡ ತಪ್ಪು. ಗುಂಡಿ ಯಾಕೆ ಒತ್ತಬಾರ್ದು ಅಂತ ಹೇಳ್ಕೊಡದೆ, ಬಾಯಿ ಮುಚ್ಕೊಂಡು ಕಾಯೋದನ್ನ ಹೇಳ್ಕೊಟ್ಟಿದೀರಿ. ವಾಲ್ವ್ ಹಾಕಿಸಿ, ಪ್ರಶ್ನೆ ತಿದ್ದಿಸಿ. ಅಲ್ಲೀವರೆಗೂ ನಾನು ಬಿ ಅನ್ನಲ್ಲ."

"ಕೋರ್ಸ್ ನಮ್ಮದಲ್ಲ, ಗ್ಲೆನಿಸ್. ಕೊಂಡು ತಂದಿದ್ದು. ನಂಗೆ ತಿದ್ದೋಕೆ ಬರಲ್ಲ."

ಮಾತಿನ ಉದ್ದಕ್ಕೂ ರಾಸ್ಕೋನ ಕಡೆ ನೋಡುತ್ತಿದ್ದೆ. ‘ನನ್ನ ಕೈಯೂ ಗುಂಡಿಗೆ ಹೋಗಿತ್ತು’ ಅಂತ ಅವನು ಒಂದು ಮಾತು ಹೇಳಲಿ ಅಂತ. ಬೂಟು ನೋಡುತ್ತಾ ಕೂತಿದ್ದ. ನಾನೂ ಹೇಳಲಿಲ್ಲ. ಜೊತೆಗಾರನ ಮೇಲೆ ಮೇಲಿನವರಿಗೆ ಚಾಡಿ ಹೇಳುವುದು ನಮ್ಮ ಕಡೆ ಯಾರೂ ಮಾಡುವ ಕೆಲಸವಲ್ಲ. ಅವನು ಎಂಥ ಹೇಡಿಯಾದರೂ ಸರಿ.

ಹೊಸ ಸೆಲ್‌ಗಳು ಆಗಸ್ಟ್ ಹನ್ನೊಂದಕ್ಕೆ ಶುರು. ನನ್ನ ಪರೀಕ್ಷೆ ಅದಕ್ಕೆ ಮುಂಚೆ ಆಗಬೇಕು. ಬಿಸ್ಕತ್ತು ಮುಟ್ಟಲಿಲ್ಲ.

ಆಗಸ್ಟ್ 6, ಬುಧವಾರ, ರಾತ್ರಿ ಊಟ ಆದಮೇಲೆ

ಪಾತ್ರೆ ತೊಳೆಯುತ್ತಿದ್ದಾಗ ಫೋನ್ ಟಿಣ್ ಅಂದಿತು. ನೆವಿಲ್ ಎತ್ತಿ ನೋಡಿ ಕುಣಿದೇಬಿಟ್ಟ.

"ಬಂತು ಕಣೆ! ನಾಲ್ಕನೇದು! ಕೊನೆಗೂ ಬುದ್ಧಿ ಬಂತಲ್ಲ ನಿಂಗೆ, ಯಾವಾಗ ಬರೆದೆ?"

ನಾನು ಪರೀಕ್ಷೆಗೆ ಕೂತೇ ಇಲ್ಲ.

ಹಸಿರು ಬ್ಯಾಡ್ಜ್. ನನ್ನ ಹೆಸರು. ಕೆಳಗೆ ಅಸೆಸರ್ ಅಂತ ರಾಸ್ಕೋನ ಹೆಸರು. ನೆವಿಲ್‌ಗೆ ವಿಷಯ ತಿಳಿದಾಗ ಮುಖ ಇಳಿಯಿತು. ಆದರೂ ಮೆಲ್ಲಗೆ ಅಂದ: "ಇರ್ಲಿ ಬಿಡೆ. ಸ್ನೇಹಿತ ಕೊಟ್ಟಿದಾನೆ. ಯಾರಿಗೆ ನಷ್ಟ?"

ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಕೇಳುತ್ತಿರುವುದು ಬ್ಯಾಡ್ಜ್ ಅಲ್ಲ, ನಿದ್ದೆ. ಆದರೆ ಆ ಹಸಿರು ನೋಡಿದರೆ ನನಗೆ ಬಾಯಿ ಕಹಿಯಾಗುತ್ತಿದೆ.

ಆಗಸ್ಟ್ 7, ಗುರುವಾರ

ಬೆಳಿಗ್ಗೆ ಪಾರ್ಕಿಂಗಿನಲ್ಲೇ ಹಿಡಿದೆ ರಾಸ್ಕೋನನ್ನು. ಕಾರಿನಿಂದ ಇಳಿಯಲೂ ಬಿಡಲಿಲ್ಲ.

"ತೆಗೆ ಅದನ್ನ."

"ಗುಡ್ ಮಾರ್ನಿಂಗ್ ನಿಂಗೂ."

"ರಾಸ್ಕೋ, ಆಟ ಆಡ್ಬೇಡ. ನಾನು ಬರೀದಿರೋ ಪರೀಕ್ಷೆ ಅದು. ತೆಗೆ."

"ತೆಗೆದ್ರೆ ಯಾಕೆ ಕೊಟ್ಟೆ ಅಂತ ಕೇಳ್ತಾರೆ. ನನ್ನ ಲೈಸೆನ್ಸ್ ಹೋಗುತ್ತೆ. ನಿಂಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು ಕಣೆ!"

"ನಂಗಲ್ಲ. ನಿಂಗೆ ಒಳ್ಳೇದಾಗ್ಲಿ ಅಂತ. ಅವತ್ತು ನಿನ್ನ ಕೈ ಎಲ್ಲಿಗೆ ಬಂದಿತ್ತು ಅಂತ ನೀನೂ ಬಲ್ಲೆ, ನಾನೂ ಬಲ್ಲೆ. ನಾನು ಬಾಯಿ ಬಿಡಲ್ಲ, ಹೆದರ್ಕೋಬೇಡ. ಆದ್ರೆ ಬಾಯಿ ಮುಚ್ಚಿದ್ದಕ್ಕೆ ಕೂಲಿ ಕೊಡ್ಬೇಡ."

ಅವನ ಕಣ್ಣು ಒದ್ದೆಯಾಯಿತು. ನೋಡಬಾರದಿತ್ತು. ಕಾರಿನ ಕಿಟಕಿ ಏರಿಸಿಬಿಟ್ಟ. ನಾನು ಗಾಜಿಗೆ ಒಂದು ಗುದ್ದು ಕೊಟ್ಟು ಒಳಗೆ ಹೋದೆ.

ಇನ್ನು ಏನು ಮಾಡುವುದು? ಇದು ನನ್ನದಲ್ಲ ಅಂತ ಮೆರೆಡಿತ್‌ಗೆ ಹೇಳಿದರೆ ಅವನನ್ನು ಹಿಡಿದುಕೊಟ್ಟ ಹಾಗೆ. ಸುಮ್ಮನಿದ್ದರೆ ನಾನು ಬಿ ಅಂದ ಹಾಗೆ. ವರದಿಯಲ್ಲಿ ‘ಮರುತರಬೇತಿ ಆಯಿತು’ ಅಂತ ಬರುತ್ತದೆ. ವಾಲ್ವ್ ಬರುವುದಿಲ್ಲ. ನಾಳೆ ಲಿಯೆನ್ ಜಾಗದಲ್ಲಿ ಇನ್ನೊಬ್ಬಳು ಕೂರುತ್ತಾಳೆ.

ಎಲ್ಲ ಕಡೆಯೂ ಬಾಗಿಲು ಹಾಕಿದ್ದಾರೆ. ಒಂದು ಬಿಟ್ಟು.

ಆಗಸ್ಟ್ 8, ಶುಕ್ರವಾರ

ಶಿಫ್ಟ್‌ಗೆ ಮುಂಚೆ ಎಲ್ಲರೂ ಸೇರಿದ್ದೆವು. ಲಿಯೆನ್ ಕೂಡ ಬಂದಿದ್ದಳು, ಕೈ ಪ್ಲಾಸ್ಟರಿನಲ್ಲಿ, ಡಾಕ್ಟರ್ ಕಾಗದ ಕೊಡಲು. ಮೆರೆಡಿತ್ ಸೆಲ್‌ಗೆ ಹೋಗುವವರ ಹೆಸರು ಓದಿದಳು. ಒಂದೊಂದು ಹೆಸರಿಗೂ ಚಪ್ಪಾಳೆ. ಕೊನೆಗೆ ನನ್ನದು. ನನಗೆ ಬಿದ್ದಷ್ಟು ಚಪ್ಪಾಳೆ ಯಾರಿಗೂ ಬೀಳಲಿಲ್ಲ. ಯಾರೋ ಸಿಳ್ಳೆ ಕೂಡ ಹೊಡೆದರು. ಲಿಯೆನ್ ಒಬ್ಬಳೇ ನನ್ನನ್ನೇ ನೋಡುತ್ತಿದ್ದಳು.

ಕೈ ಎತ್ತಿದೆ. "ನನ್ನ ಹೆಸರು ತೆಗೀರಿ ಮೆರೆಡಿತ್. ಪ್ಯಾಕಿಂಗ್‌ಗೆ ಹಾಕಿ."

"ಯಾಕೆ? ನಾಲ್ಕೂ ಇದೆಯಲ್ಲ ನಿಮ್ಮ ಹತ್ರ!"

"ಇರ್ಲಿ. ನಂಗೆ ಸೆಲ್ ಬೇಡ."

"ಪ್ಯಾಕಿಂಗ್ ಅಂದ್ರೆ ಏಜೆನ್ಸಿ, ಗೊತ್ತಲ್ವಾ? ಕಾರಣ ಏನು?"

"ಗೊತ್ತು. ಕಾರಣ ಹೇಳಲ್ಲ."

ಮೆರೆಡಿತ್ ಪೆನ್ ತೆಗೆದಳು, ನನ್ನ ಹೆಸರು ಹೊಡೆಯಲು.

"ಹೊಡೀಬೇಡಿ" ಅಂತ ಹಿಂದಿನಿಂದ ದನಿ. ರಾಸ್ಕೋ. ಮುಖ ಸುಣ್ಣದ ಹಾಗೆ ಆಗಿತ್ತು.

"ಅವಳು ಪರೀಕ್ಷೆ ಬರೆದಿಲ್ಲ. ಬ್ಯಾಡ್ಜ್ ನಾನು ಕೊಟ್ಟಿದ್ದು. ಈಗ ಇಲ್ಲಿಗೆ ಬರೋ ಮುಂಚೆ ವಾಪಸ್ ತಗೊಂಡಿದೀನಿ. ಅವಳದ್ದೊಂದೇ ಅಲ್ಲ, ಇಲ್ಲಿರೋ ಎಲ್ಲರ ನಾಲ್ಕನೇ ಬ್ಯಾಡ್ಜನ್ನೂ ತಡೆಹಿಡಿದಿದೀನಿ. ಅಸೆಸರ್‌ಗೆ ಅಷ್ಟು ಅಧಿಕಾರ ಇದೆ. ಕೋರ್ಸು ಸುರಕ್ಷಿತ ಅಲ್ಲ ಅಂತ ಬರೆದು ಕಳಿಸಿದೀನಿ."

ಗುಂಪಿನಲ್ಲಿ ಗುಜುಗುಜು. ಎಲ್ಲರ ಕೈಯೂ ಜೇಬಿಗೆ, ಫೋನಿಗೆ. ಬ್ಯಾಡ್ಜ್ ಎಲ್ಲರದ್ದೂ ಬೂದು ಬಣ್ಣ.

"ಇನ್ನೊಂದು ಮಾತು" ಅಂದ ರಾಸ್ಕೋ. ಈಗ ಅವನು ಲಿಯೆನ್ ಕಡೆ ತಿರುಗಿದ್ದ. "ಅವತ್ತು ಗುಂಡಿಗೆ ನಾನೂ ಕೈ ಹಾಕಿದ್ದೆ ತಾಯಿ. ಗ್ಲೆನಿಸ್ ನೋಡಿದ್ಲು. ಇಲ್ಲೀವರೆಗೂ ಯಾರಿಗೂ ಹೇಳಲಿಲ್ಲ."

ಲಿಯೆನ್ ತಲೆಯಾಡಿಸಿದಳು.

ಹಿಂದಿನಿಂದ ಯಾರೋ ಕೂಗಿದರು: "ನನ್ನ ಬ್ಯಾಡ್ಜ್ ಹೋಯ್ತಲ್ಲ, ನನ್ನ ಕೆಲಸದ ಗತಿ ಏನೋ ರಾಸ್ಕೋ?" ನ್ಯಾಯವಾದ ಪ್ರಶ್ನೆ. ನಾನು ಹೇಳಿದೆ: "ಎಲ್ಲರದ್ದೂ ಬೂದಿಯಾದ್ರೆ ಯಾರನ್ನ ಪ್ಯಾಕಿಂಗ್‌ಗೆ ಕಳಿಸ್ತಾರೆ? ಸೆಲ್ ಓಡಿಸೋಕೆ ಮೆರೆಡಿತ್ ಒಬ್ಬಳೇ ನಿಲ್ತಾಳಾ?" ಕೆಲವರು ನಕ್ಕರು. ಎಲ್ಲರೂ ಅಲ್ಲ.

ರಾಸ್ಕೋನ ಗುರುತಿನ ಚೀಟಿ ಅಲ್ಲೇ ಕಳಚಿಸಿಕೊಂಡರು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ನಾನೂ ಕೂಗಿ ಕರೆಯಲಿಲ್ಲ. ಕರೆಯಬೇಕಿತ್ತು.

ಆಗಸ್ಟ್ 11, ಸೋಮವಾರ

ಪ್ಯಾಕಿಂಗ್. ನಾನೇ ಕೇಳಿದ್ದು, ಕೊಟ್ಟರು. ಏಜೆನ್ಸಿಯ ಕಿತ್ತಳೆ ಬಣ್ಣದ ಜಾಕೆಟ್, ಎದೆಯ ಹತ್ತಿರ ಬಿಗಿ. ಬೆಳಿಗ್ಗೆ ಐದೂವರೆಗೆ ಏಜೆನ್ಸಿಯಿಂದ ಫೋನ್ ಬಂತು. ನೆವಿಲ್ ನನಗಿಂತ ಮೊದಲು ಎದ್ದು ಅದರ ಮುಂದೆ ಕೂತಿದ್ದ. ಬೈಯಲಿಲ್ಲ. ಗಾಜಿನ ಮಂಜನ್ನು ತಾನೇ ಕೆರೆದು ಕೊಟ್ಟ.

ಹೊಸ ಸೆಲ್‌ಗಳ ಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ಉಳಿದವರೆಲ್ಲ ಹಳೆಯ ಜಾಗದಲ್ಲೇ, ಕೈಯಲ್ಲೇ ಕೂರಿಸುತ್ತಿದ್ದಾರೆ. ಶೆಡ್ಡಿನ ಬಾಗಿಲಿನಿಂದ ಕಾಣುತ್ತದೆ. ಇಬ್ಬರು ಸ್ಮೋಕೊದಲ್ಲಿ ನನ್ನ ಜೊತೆ ಕೂರಲಿಲ್ಲ. ಕೂರದಿರಲಿ.

ಆಗಸ್ಟ್ 14, ಗುರುವಾರ, ಸ್ಮೋಕೊ

ಮೆರೆಡಿತ್ ಶೆಡ್ಡಿಗೇ ಬಂದಳು. ಇಲ್ಲಿಗೆ ಅವಳು ಬಂದದ್ದು ಮೊದಲ ಸಲ ಇರಬೇಕು, ಎಲ್ಲಿ ನಿಲ್ಲಬೇಕು ಅಂತಲೇ ತಿಳಿಯದೆ ಫೋರ್ಕ್‌ಲಿಫ್ಟ್‌ಗೆ ಅಡ್ಡ ನಿಂತಳು. ಕೈ ಹಿಡಿದು ಈಚೆ ಎಳೆದೆ.

ವಾಲ್ವ್ ಆರ್ಡರ್ ಆಗಿದೆಯಂತೆ. ಕೋರ್ಸ್ ಮಾರಿದವರು ಆ ಪ್ರಶ್ನೆ ವಾಪಸ್ ತೆಗೆದುಕೊಂಡರಂತೆ. ಹೊಸದಾಗಿ ಬರೆಯಬೇಕು, ಇಲ್ಲಿನ ಕೆಲಸದವರನ್ನು ಕೂರಿಸಿಕೊಂಡು.

"ನೀವು ಬರ್ಬೇಕು ಗ್ಲೆನಿಸ್. ಲಿಯೆನ್ ಒಪ್ಪಿದಾಳೆ. ನಿಮ್ಮನ್ನ ವಾಪಸ್ ಕಾಯಂ ಮಾಡ್ತೀನಿ, ಇವತ್ತೇ."

ಹೌದು ಅನ್ನಲು ಬಾಯಿ ತೆರೆದದ್ದು ನಿಜ.

"ಅಸೆಸರ್ ಯಾರು?" ಅಂದೆ.

"ಕಾಲೇಜಿಂದ ಬೇರೆ ಯಾರನ್ನಾದ್ರೂ ಕಳಿಸ್ತಾರೆ."

"ರಾಸ್ಕೋ ಬರ್ಲಿ. ಅವನು ಬಂದ ದಿನ ನಾನೂ ಬರ್ತೀನಿ."

"ಅವನು ಸುಳ್ಳು ಬ್ಯಾಡ್ಜ್ ಕೊಟ್ಟಿದಾನೆ, ಗ್ಲೆನಿಸ್!"

"ಕೊಟ್ಟ. ಎಲ್ಲರೆದುರು ನಿಂತು ವಾಪಸ್ ತಗೊಂಡ. ಈ ಬಿಲ್ಡಿಂಗಲ್ಲಿ ಇನ್ಯಾರು ಹಾಗೆ ಮಾಡಿದಾರೆ ಹೇಳಿ, ಅವರನ್ನೇ ಕರೆಸೋಣ."

ಯೋಚಿಸಬೇಕು ಅಂದಳು. ಕಾಲೇಜಿನವರು ಒಪ್ಪುವುದು ಕಷ್ಟ ಅಂದಳು. ಯೋಚಿಸಲಿ. ನನ್ನ ಮುಂದೆ ಪೆಟ್ಟಿಗೆಗಳ ರಾಶಿ ಇದೆ, ಟೇಪ್ ಹಚ್ಚುತ್ತಾ ಇರುತ್ತೇನೆ. ನಾಳೆ ಫೋನ್ ಬಂದರೆ ಬರುತ್ತೇನೆ, ಬರದಿದ್ದರೆ ನೆವಿಲ್ ಜೊತೆ ಚಹಾ. ಸ್ನಾನಕ್ಕೆ ಫೋನ್ ಹಿಡಿದು ಹೋಗುವುದಿಲ್ಲ, ಅಷ್ಟು ಮಾತ್ರ ನಿಶ್ಚಯ.

ಇದೇನು, ಫೋನ್ ಬಡಿದುಕೊಳ್ಳುತ್ತಿದೆ. ಏಜೆನ್ಸಿ ಅಂದುಕೊಂಡೆ. ಅಲ್ಲ — ರಾಸ್ಕೋ! ಆರು ದಿನ ಆಯಿತು ಇವನ ದನಿ ಕೇಳಿ. ಎತ್ತಿದ ತಕ್ಷಣ ಚೆನ್ನಾಗಿ ಉಗಿಯುತ್ತೇನೆ, ಆಮೇಲೆ —